ಹೈಬ್ರಿಡ್ ಕಾರೂ ಪೆಟ್ರೋಲಿನ ಮಿತವ್ಯಯವೂ

ಕಳೆದ ಬೇಸಗೆಯಲ್ಲಿ ತಿಪಟೂರು ಸೀಮೆಯ ಜಮೀನುದಾರರೊಬ್ಬರು ತಮ್ಮ ತೆಂಗಿನ ತೋಟಕ್ಕೆ ತಗುಲಿದ್ದ ಕಪ್ಪುತಲೆ ಹುಳುವಿನ ವಿಷಯವಾಗಿ ನನ್ನಲ್ಲಿಗೆ ಬಂದಿದ್ದರು. ಹುಳುವಿನ ಮಾತು ಕಾಲು ಗಂಟೆಯಲ್ಲಿ ಮುಗಿಯಿತು. ಆದರೂ ಅವರು ಏಳಲಿಲ್ಲ. ಅಂಗಳದಲ್ಲಿ ನಿಂತಿದ್ದ ತಮ್ಮ ಹೊಸ ಕಾರನ್ನು ತೋರಿಸಿ, "ಸ್ವಾಮಿ, ಇದನ್ನು ಮಾರಿಬಿಡೋಣವೆಂದಿದ್ದೇನೆ. ಹೈಬ್ರಿಡ್ ಎಂದು ಎರಡು ವರ್ಷದ ಕೊಬ್ಬರಿಯ ಹಣ ಸುರಿದೆ. ಲೀಟರಿಗೆ ಹದಿನಾಲ್ಕು ಕಿಲೋಮೀಟರು ದಾಟುವುದಿಲ್ಲ. ಕಾಗದದಲ್ಲಿ ಬರೆದದ್ದೇ ಬೇರೆ" ಎಂದರು. ಕಾಯಿಲೆಯ ತಾಯಿಯವರನ್ನು ತಿಂಗಳಿಗೆ ಎರಡು ಬಾರಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದರಿಂದಲೇ ಅವರು ಆ ಕಾರನ್ನು ಕೊಂಡದ್ದು. ವರ್ಷವೂ ತುಂಬದ ಕಾರನ್ನು ಮಾರಿದರೆ ಆಗುವ ನಷ್ಟವು ಸಣ್ಣದಲ್ಲವೆಂಬುದನ್ನು ಬಲ್ಲವರೆಲ್ಲರೂ ಬಲ್ಲರು.

ನಾನು ಕಲಿತದ್ದು ವ್ಯವಸಾಯಶಾಸ್ತ್ರವೇ ಹೊರತು ಯಂತ್ರಶಾಸ್ತ್ರವಲ್ಲ. ಆದರೆ ಎರಡು ವರ್ಷದ ಹಿಂದೆ ಸಾಲಮಾಡಿ ಇದೇ ಜಾತಿಯ ಸಣ್ಣ ಕಾರೊಂದನ್ನು ಕೊಂಡು, ಮೊದಲ ಮೂರು ತಿಂಗಳು ನಾನೂ ಹೀಗೆಯೇ ಗೊಣಗಿದವನು. ಈಗ ನಮ್ಮ ಗ್ರಾಮಗಳಲ್ಲಿಯೂ ಈ ಕಾರುಗಳು ಕಾಣಿಸಿಕೊಳ್ಳುತ್ತಿರುವುದರಿಂದ, ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಗ್ರಾಮದ ಯಜಮಾನರ ಮತ್ತು ಜಮೀನುದಾರರ ಅವಗಾಹನೆಗೆ ತರುವುದು ಉಚಿತವೆಂದು ತೋರಿತು.

ಹೈಬ್ರಿಡ್ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮಿ ಎಂಬ ಸಂಕರ ಹತ್ತಿಯು 1972ರಲ್ಲಿ ಹೊರಬಂದಾಗಿನಿಂದ ನಮ್ಮವರಿಗೆ ಸಂಕರ ಬೀಜದ ಗುಣವೂ ಗೊತ್ತು, ಹಟವೂ ಗೊತ್ತು. ಹೊಸ ಬೀಜವನ್ನು ತಂದು ಹಳೆಯ ಕ್ರಮದಲ್ಲಿಯೇ ಸಾಗುವಳಿಮಾಡಿ, ಇಳುವರಿ ಬರಲಿಲ್ಲವೆಂದು ಬೀಜವನ್ನು ಬೈದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರಿನ ವಿಷಯದಲ್ಲಿಯೂ ನಡೆಯುವುದು ಬಹಳಮಟ್ಟಿಗೆ ಇದೇ.

ಸಂಕರ ಕಾರಿನಲ್ಲಿ ಒಂದು ಪೆಟ್ರೋಲ್ ಎಂಜಿನ್ನೂ ಒಂದು ವಿದ್ಯುತ್ ಮೋಟಾರೂ ಒಂದು ಬ್ಯಾಟರಿಯೂ ಇರುತ್ತವೆ. ಜಪಾನಿನ ಟೊಯೋಟಾ ಕಂಪೆನಿಯವರು 1997ನೆಯ ಇಸವಿ ಡಿಸೆಂಬರಿನಲ್ಲಿ ಪ್ರಿಯಸ್ ಎಂಬ ಕಾರನ್ನು ಮಾರಾಟಕ್ಕೆ ತಂದಂದಿನಿಂದ ಈ ಏರ್ಪಾಡು ಪ್ರಚಾರಕ್ಕೆ ಬಂತು. ನಮ್ಮ ರಾಜ್ಯದ ಬಿಡದಿಯ ಕಾರ್ಖಾನೆಯಲ್ಲಿಯೂ ಇಂತಹ ಕಾರುಗಳು ತಯಾರಾಗುತ್ತಿವೆ. (ಮಾರುವವರು ಹೈಬ್ರಿಡ್ ಎಂದು ಕರೆಯುವ ಕಾರುಗಳಲ್ಲಿ ಕೆಲವು, ಎಂಜಿನ್ನಿಗೆ ಒಂದಿಷ್ಟು ಕೈಗೂಡಿಸುವ ಸಣ್ಣ ಮೋಟಾರನ್ನು ಮಾತ್ರ ಹೊಂದಿರುತ್ತವೆ. ನಾನು ಹೇಳುತ್ತಿರುವುದು ಬರಿಯ ವಿದ್ಯುತ್ತಿನಿಂದಲೂ ಸ್ವಲ್ಪದೂರ ಓಡಬಲ್ಲ ಕಾರುಗಳನ್ನು ಕುರಿತು.) ಇವುಗಳಿಗೆ ಮನೆಯಲ್ಲಿ ತಂತಿ ಸಿಕ್ಕಿಸಿ ವಿದ್ಯುತ್ ತುಂಬಬೇಕಾಗಿಲ್ಲ. ಹಾಗಾದರೆ ಬ್ಯಾಟರಿಗೆ ಬರುವ ಶಕ್ತಿ ಎಲ್ಲಿಯದು? ಎಲ್ಲವೂ ಪೆಟ್ರೋಲಿನದೇ. ಸಾಧಾರಣ ಕಾರಿನಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯು ಕಾವಾಗಿ ಗಾಳಿಗೆ ಹೋಗುತ್ತದೆ. ಈ ಕಾರಿನಲ್ಲಿ ಆಗ ಮೋಟಾರು ತಾನೇ ವಿದ್ಯುತ್ತನ್ನು ಹುಟ್ಟಿಸಿ, ಆ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಸೇರಿಸುತ್ತದೆ. ತೋಟದ ಅಂಚಿನಿಂದ ಹರಿದುಹೋಗುವ ನೀರನ್ನು ಗುಂಡಿಯಲ್ಲಿ ಹಿಡಿದು ಮತ್ತೆ ತೋಟಕ್ಕೇ ಹಾಯಿಸಿದಂತೆ. ಗುಂಡಿಯು ಹೊಸ ನೀರನ್ನು ಹುಟ್ಟಿಸುವುದಿಲ್ಲ, ಪೋಲಾಗುವುದನ್ನು ಹಿಡಿಯುತ್ತದೆ.

ಈ ಗುಂಡಿಯು ಎಷ್ಟು ಸಣ್ಣದೆಂಬುದನ್ನೂ ತಿಳಿದಿರಬೇಕು. ಇಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಇಂತಹ ಕಾರುಗಳ ಬ್ಯಾಟರಿಯು ಎರಡು ಯೂನಿಟ್ ವಿದ್ಯುತ್ತನ್ನೂ ಹಿಡಿಯಲಾರದು. ಅದರಿಂದ ಐದು ಅಶ್ವಶಕ್ತಿಯ ಪಂಪುಸೆಟ್ಟನ್ನು ಅರ್ಧ ಗಂಟೆಯೂ ನಡೆಸಲಾಗದು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಆದುದರಿಂದ ಬ್ಯಾಟರಿಯನ್ನು ಎರಡನೆಯ ಟ್ಯಾಂಕೆಂದು ಭಾವಿಸಿದವರು ಮೋಸಹೋಗುತ್ತಾರೆ. ಅದು ದಿನವೆಲ್ಲಾ ತುಂಬುತ್ತ ಖಾಲಿಯಾಗುತ್ತ ಇದ್ದರೇ ಲಾಭ.

ಇದಿಷ್ಟನ್ನು ಬಾಯಲ್ಲಿ ಹೇಳಿದರೆ ನಮ್ಮ ಜಮೀನುದಾರರಿಗೆ ಸಮಾಧಾನವಾಗಲಿಲ್ಲ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ತಮ್ಮ ಪಕ್ಕದಲ್ಲಿ ಕುಳಿತು ನೋಡಬೇಕೆಂದು ಹೇಳಿದರು. ನನಗೂ ಬೆಂಗಳೂರಿನಲ್ಲಿ ಕೆಲಸವಿದ್ದುದರಿಂದ ಒಪ್ಪಿದೆನು. ಸುಮಾರು 140 ಕಿಲೋಮೀಟರ್ ದಾರಿ. ಹೊರಡುವ ಮುನ್ನ ಚಕ್ರಗಳನ್ನು ನೋಡಿದರೆ ನಾಲ್ಕರಲ್ಲಿ ಮೂರಕ್ಕೆ ಗಾಳಿ ಕಡಮೆ. ಹಿಂದುಗಡೆ ನೆಂಟರಿಗೆಂದು ಎರಡು ಚೀಲ ತೆಂಗಿನಕಾಯಿ. ಕಾರಿನ ಮೇಲುಗಡೆ, ಯಾವಾಗಲೋ ಮದುವೆಗೆ ಸಾಮಾನು ಸಾಗಿಸಲು ಕಟ್ಟಿಸಿದ ಕಬ್ಬಿಣದ ಚೌಕಟ್ಟು.

ಹೆದ್ದಾರಿಗೆ ಬಂದೊಡನೆ ಯಜಮಾನರು ಕಾರನ್ನು ಗಂಟೆಗೆ 110ರವರೆಗೆ ಓಡಿಸಿದರು. ಊರು ಬಂದಲ್ಲಿ ರಸ್ತೆಯ ಉಬ್ಬಿನ ಹತ್ತಿರದವರೆಗೂ ಅದೇ ವೇಗದಲ್ಲಿ ಹೋಗಿ, ಕೊನೆಯಲ್ಲಿ ಬ್ರೇಕನ್ನು ಬಲವಾಗಿ ಒತ್ತುವರು. ಉಬ್ಬು ದಾಟಿದೊಡನೆ ಪುನಃ ಕಾಲನ್ನು ಅದುಮುವರು. ಇಳಿಜಾರು ಸಿಕ್ಕಿದರೆ ಗೇರನ್ನು ನ್ಯೂಟ್ರಲ್ಲಿಗೆ ಹಾಕುವರು. "ಡೀಸೆಲ್ ಜೀಪಿನಲ್ಲಿ ಮೂವತ್ತು ವರ್ಷದಿಂದ ಹೀಗೆಯೇ ಉಳಿತಾಯಮಾಡಿದ್ದೇನೆ" ಎಂದರು. ಹಿಂದಿನ ಆಸನದಲ್ಲಿ ತಾಯಿಯವರು ಪ್ರತಿ ಉಬ್ಬಿಗೂ ದೇವರ ಹೆಸರು ಹೇಳುತ್ತಿದ್ದರು.

ಇವುಗಳಲ್ಲಿ ಪ್ರತಿಯೊಂದೂ ಈ ಕಾರಿನ ಸ್ವಭಾವಕ್ಕೆ ವಿರೋಧವಾದದ್ದು. ಗಾಳಿಯ ತಡೆಯು ವೇಗದ ವರ್ಗದಂತೆ ಹೆಚ್ಚುತ್ತದೆ: ಗಂಟೆಗೆ 80 ಕಿಲೋಮೀಟರಿನಲ್ಲಿ ಅದು 100 ಪಾಲೆಂದಿಟ್ಟುಕೊಂಡರೆ, 100ರಲ್ಲಿ 156 ಪಾಲು, 110ರಲ್ಲಿ 189 ಪಾಲು. ಮೇಲಿನ ಖಾಲಿ ಚೌಕಟ್ಟು ಇದನ್ನು ಇನ್ನೂ ಹೆಚ್ಚಿಸುತ್ತದೆ. ಒಂದೇ ಸಮನಾಗಿ ವೇಗವಾಗಿ ಓಡುವಾಗ ಬ್ರೇಕಿನಿಂದ ಹಿಡಿಯಬೇಕಾದ ಶಕ್ತಿಯೇ ಇರುವುದಿಲ್ಲವಾದ್ದರಿಂದ ಮೋಟಾರಿಗೂ ಬ್ಯಾಟರಿಗೂ ಅಲ್ಲಿ ಅಷ್ಟಾಗಿ ಕೆಲಸವಿಲ್ಲ. ಹಳೆಯ ಕಾರುಗಳು ಪೇಟೆಯಲ್ಲಿ ಹೆಚ್ಚು ಕುಡಿದು ಹೆದ್ದಾರಿಯಲ್ಲಿ ಕಡಮೆ ಕುಡಿಯುತ್ತಿದ್ದವು. ಇದು ಪೇಟೆಯ ನಿಂತು ನಿಂತು ಸಾಗುವ ದಾರಿಯಲ್ಲಿಯೇ ತನ್ನ ಗುಣವನ್ನು ತೋರಿಸುತ್ತದೆ. ಈ ತಿರುಗುಮುರುಗನ್ನು ಮನಸ್ಸಿಗೆ ತಂದುಕೊಳ್ಳುವುದಕ್ಕೆ ನನಗೇ ಬಹಳ ದಿನ ಹಿಡಿಯಿತು.

ಎಲ್ಲಕ್ಕಿಂತಲೂ ಮುಖ್ಯವಾದದ್ದು ಬ್ರೇಕು. ಮೋಟಾರು ಒಂದು ಕ್ಷಣದಲ್ಲಿ ಹಿಡಿಯಬಲ್ಲ ಶಕ್ತಿಗೆ ಮಿತಿಯುಂಟು. ಮೆಲ್ಲಗೆ, ದೂರದಿಂದಲೇ ಒತ್ತಿದರೆ ಬಹುಪಾಲು ಶಕ್ತಿಯು ಮೋಟಾರಿನ ಪಾಲಾಗುತ್ತದೆ. ಹಠಾತ್ತಾಗಿ ಒತ್ತಿದರೆ ಮಿಕ್ಕದ್ದು ಚಕ್ರದ ಬ್ರೇಕಿನಲ್ಲಿ ಉರಿದುಹೋಗುತ್ತದೆ. ಆದುದರಿಂದ ಉಬ್ಬು ಅಥವಾ ಕೆಂಪು ದೀಪವು ದೂರದಲ್ಲಿ ಕಂಡೊಡನೆಯೇ ಕಾಲನ್ನು ತೆಗೆದು, ಸ್ವಲ್ಪ ಓಡಲು ಬಿಟ್ಟು, ಆಮೇಲೆ ಹಗುರವಾಗಿ ಬ್ರೇಕನ್ನು ಮುಟ್ಟತಕ್ಕದ್ದು. ದನಕರು, ಮಕ್ಕಳು ಅಡ್ಡಬಂದರೆ ಮಾತ್ರ ಪೆಟ್ರೋಲಿನ ಯೋಚನೆಯನ್ನು ಬಿಟ್ಟು ಬಲವಾಗಿಯೇ ಒತ್ತಬೇಕು. ಇದನ್ನು ಹೇಳಬೇಕಾದ್ದಿಲ್ಲವಾದರೂ ಹೇಳಿದ್ದೇನೆ.

ನ್ಯೂಟ್ರಲ್ಲಿನ ಅಭ್ಯಾಸವನ್ನಂತೂ ಸಂಪೂರ್ಣವಾಗಿ ಬಿಡತಕ್ಕದ್ದು. ಅದರಲ್ಲಿ ಹೈಬ್ರಿಡ್ ಕಾರಿನ ಬ್ಯಾಟರಿಗೆ ಶಕ್ತಿ ಸೇರುವುದೇ ಇಲ್ಲ. ಇಳಿಜಾರಿನ ಲಾಭವನ್ನೆಲ್ಲಾ ಬಾಗಿಲು ಹಾಕಿ ಹೊರಗೆ ಕಳುಹಿಸಿದಂತಾಗುತ್ತದೆ. ಅಪಾಯವು ಬೇರೆ.

ಹೊರಡುವಾಗ ಆಮೆಯಂತೆ ತೆವಳಬೇಕೆಂಬುದೂ ತಪ್ಪು. ನಾನು ಮೊದಲು ಮಾಡಿದ ತಪ್ಪು ಇದೇ. ಎಂಜಿನ್ನು ಹತ್ತಕೂಡದೆಂದು ಬರಿಯ ವಿದ್ಯುತ್ತಿನ ಗುಂಡಿಯನ್ನು ಒತ್ತಿಕೊಂಡು, ಹಿಂದಿನ ಲಾರಿಯವರ ಬೈಗುಳವನ್ನು ಕೇಳುತ್ತ ಊರೂರು ತೆವಳಿದೆ. ಬ್ಯಾಟರಿ ಬರಿದಾದ ಮೇಲೆ ಎಂಜಿನ್ನೇ ಅದನ್ನು ತುಂಬಬೇಕು. ಎಂಜಿನ್ನಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ ಎಂದು ಶಕ್ತಿಯನ್ನು ಕೈ ಬದಲಾಯಿಸಿದಷ್ಟೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಎಂಜಿನ್ನಿನ ಸಹಾಯದಿಂದ ಹದವಾಗಿ ವೇಗಕ್ಕೆ ಬಂದು, ಅನಂತರ ಕಾಲನ್ನು ಸಡಿಲಿಸಿ, ಮಟ್ಟಸವಾದ ದಾರಿಯಲ್ಲಿ ಕಾರು ತಾನಾಗಿ ವಿದ್ಯುತ್ತಿಗೆ ಬದಲಾಯಿಸಿಕೊಳ್ಳುವಂತೆ ಬಿಡುವುದೇ ಮೇಲು. ಯಾವಾಗ ಯಾವುದನ್ನು ಹೂಡಬೇಕೆಂಬುದು ನಮಗಿಂತ ಆ ಯಂತ್ರಕ್ಕೆ ಚೆನ್ನಾಗಿ ತಿಳಿದಿದೆ.

ಘಟ್ಟದ ವಿಷಯ ಒಂದು ಮಾತು. ಧರ್ಮಸ್ಥಳಕ್ಕೆ ಚಾರ್ಮಾಡಿಯ ಮೂಲಕ ಹೋಗುವವರು ನಮ್ಮಲ್ಲಿ ಅನೇಕರು. ಜನಸಹಿತ ಎರಡು ಟನ್ ತೂಗುವ ಕಾರು 500 ಮೀಟರ್ ಇಳಿದರೆ ಸುಮಾರು 2.7 ಯೂನಿಟ್ಟಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ದಾರಿಯ ಮತ್ತು ಗಾಳಿಯ ತಡೆಯಲ್ಲಿ ಸ್ವಲ್ಪ ಕಳೆದರೂ, ಉಳಿದದ್ದನ್ನು ಹಿಡಿಯಲು ಆ ಸಣ್ಣ ಬ್ಯಾಟರಿಯಲ್ಲಿ ಸ್ಥಳವಿರುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಭಾರವೆಲ್ಲವೂ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ. ಗೇರಿನ ಕಡ್ಡಿಯ ಬಳಿ 'ಬಿ' ಎಂಬ ಗುರುತಿರುವ ಕಾರುಗಳಲ್ಲಿ ಉದ್ದನೆಯ ಇಳಿಜಾರಿನಲ್ಲಿ ಅದನ್ನು ಉಪಯೋಗಿಸತಕ್ಕದ್ದು. ಆಗ ಎಂಜಿನ್ನೇ ಕಾರನ್ನು ತಡೆಹಿಡಿಯುತ್ತದೆ. ಸಮದಾರಿಗೆ ಬಂದೊಡನೆ ಅದನ್ನು ತೆಗೆಯಬೇಕು.

ಇನ್ನು ಹಳ್ಳಿಯೊಳಗಿನ ಓಡಾಟ. ವಿಚಾರಿಸಿದಲ್ಲಿ, ಯಜಮಾನರ ಕಾರು ದಿನಕ್ಕೆ ಎರಡು ಸಲ ಡೇರಿಗೂ ಒಂದು ಸಲ ಕಾಫಿ ಹೋಟೆಲಿಗೂ ಹೋಗುತ್ತದೆಂದು ತಿಳಿದುಬಂತು. ಡೇರಿಯು ಮುಕ್ಕಾಲು ಕಿಲೋಮೀಟರ್! ತಣ್ಣಗಿರುವ ಎಂಜಿನ್ನು ಮೊದಲು ತನ್ನ ಕಾವಿಗಾಗಿ ಪೆಟ್ರೋಲನ್ನು ಸುಡುತ್ತದೆ. ಕಾವೇರುವಷ್ಟರಲ್ಲಿ ಡೇರಿ ಬಂದಿರುತ್ತದೆ. ನಾಲ್ಕು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಈ ನಷ್ಟವಿಲ್ಲ. ಹಾಲಿನ ಕ್ಯಾನಿಗೆ ಸೈಕಲ್ಲು ಸಾಕು.

ಚಕ್ರದ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಕಾರು ಓಡುವ ಮುಂಚೆ ನೋಡಿಸಬೇಕು; ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯು ಹಿಂದಿನ ಆಸನದ ಬಳಿಯ ಜಾಲರಿಯಿಂದ ಒಳಗೆ ಹೋಗುತ್ತದೆ. ಇದರ ಮೇಲೆ ರಾಗಿಯ ಚೀಲವನ್ನೋ ಹಿಂಡಿಯ ಚೀಲವನ್ನೋ ಒರಗಿಸುವುದು ಕೂಡದು. ನಮ್ಮ ಕಣದ ಧೂಳು ಅದರ ಸೋಸುಬಟ್ಟೆಯನ್ನು ಬೇಗ ಮುಚ್ಚುವುದರಿಂದ, ಸರ್ವೀಸಿಗೆ ಬಿಟ್ಟಾಗಲೆಲ್ಲಾ ಅದನ್ನು ಶುದ್ಧಿಮಾಡಿಸಬೇಕು. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮಾತ್ರ ಯಾವ ಕಾರಣಕ್ಕೂ ಊರಿನ ಮೆಕ್ಯಾನಿಕ್ಕಿನ ಕೈಗೆ ಕೊಡಕೂಡದು, ಅವುಗಳಲ್ಲಿ ಪ್ರಾಣಾಪಾಯವುಂಟು. ತಂಪುಯಂತ್ರವನ್ನು ನಿಲ್ಲಿಸಬೇಕೆ ಎಂದು ಯಜಮಾನರು ಕೇಳಿದರು. ಕಾಯಿಲೆಯವರು ಕುಳಿತಿರುವಾಗ ಆ ಲೆಕ್ಕ ಬೇಡವೆಂದೆ. ನಿಂತ ಕಾರಿನಲ್ಲಿ ಅದನ್ನು ಗಂಟೆಗಟ್ಟಲೆ ನಡೆಸಿದರೆ ಬ್ಯಾಟರಿಗಾಗಿ ಎಂಜಿನ್ನು ಮತ್ತೆ ಮತ್ತೆ ಹತ್ತುತ್ತದೆ. ನೆರಳಿನಲ್ಲಿ ನಿಲ್ಲಿಸಿದರೆ ಅಷ್ಟು ಉಳಿಯಿತು.

ಕಾಗದದ ಅಂಕಿಯು ಸುಳ್ಳೇ? ಸುಳ್ಳಲ್ಲ. ಅದು ನಮ್ಮ ಪ್ರಯೋಗದ ತಾಕಿನ ಇಳುವರಿಯಂತೆ. ಪರೀಕ್ಷಾಶಾಲೆಯ ಉರುಳೆಗಳ ಮೇಲೆ, ಗೊತ್ತುಪಡಿಸಿದ ಕ್ರಮದಲ್ಲಿ, 90 ಕಿಲೋಮೀಟರಿಗೆ ಮೀರದ ವೇಗದಲ್ಲಿ ಓಡಿಸಿ ಪಡೆದದ್ದು. ಇದಲ್ಲದೆ ಪೆಟ್ರೋಲೇ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ನೆಯ ಇಸವಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆಮಾಡಲಾಯಿತು. 2025ರ ವೇಳೆಗೆ ಅದು ದೇಶವೆಲ್ಲಾ ಹರಡಿತು. ಈ ಎಥನಾಲು ನಾವು ಬೆಳೆಯುವ ಕಬ್ಬು, ಮೆಕ್ಕೆಜೋಳ ಮುಂತಾದವುಗಳಿಂದ ಆದದ್ದು. ಲೀಟರಿಗೆ ಲೀಟರು ತೂಗಿದರೆ ಅದರ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಮೆ. ಆದಕಾರಣ ಮಿಶ್ರಣದಲ್ಲಿ ನೂರಕ್ಕೆ ಆರೇಳು ಪಾಲಿನಷ್ಟು ಶಕ್ತಿ ಕಡಮೆಯಾಗುತ್ತದೆ. ಇದಕ್ಕೆಂದೇ ಹದಗೊಳಿಸಿದ ಎಂಜಿನ್ನುಗಳಲ್ಲಿ ಮೈಲೇಜಿನ ನಷ್ಟವು ಅಷ್ಟಿರುವುದಿಲ್ಲ. ಕಬ್ಬಿನ ಬಿಲ್ಲನ್ನು ಎಣಿಸಿಕೊಳ್ಳುವಾಗ ಸಂತೋಷಪಟ್ಟವರು ಇದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಷ್ಟೆ.

ಲೆಕ್ಕವನ್ನು ಕಾರಿನ ಗಾಜಿನ ಫಲಕದಿಂದ ನೋಡದೆ, ಪುಸ್ತಕದಲ್ಲಿ ಇಡತಕ್ಕದ್ದು. ಒಂದೇ ಬಂಕಿನಲ್ಲಿ ಟ್ಯಾಂಕನ್ನು ತುಂಬಿಸಿ, ಮುಂದಿನ ಸಲ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸಬೇಕು. ಒಂದು ಸಲದ ಅಂಕಿಯನ್ನು ನಂಬದೆ ಐದಾರು ಸಲದ್ದನ್ನು ನೋಡಬೇಕು. ವರ್ಷಕ್ಕೆ 12,000 ಕಿಲೋಮೀಟರ್ ಓಡುವವರಿಗೆ ಲೀಟರಿಗೆ 14 ಇದ್ದದ್ದು 18 ಆದರೆ ಸುಮಾರು 190 ಲೀಟರ್ ಉಳಿಯುತ್ತದೆ. ನೂರು ರೂಪಾಯಿಯಂತೆ 19,000. ಆದರೆ ಸಾಧಾರಣ ಕಾರಿಗಿಂತ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಇದನ್ನು ಕೊಂಡು, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಕೊಟ್ಟ ಹೆಚ್ಚಿನ ಹಣವು ಪೆಟ್ರೋಲಿನಲ್ಲಿ ಹಿಂತಿರುಗುವುದೆಂದು ನಾನು ಹೇಳಲಾರೆನು. ಅಂಥವರು ಉಳಿತಾಯಕ್ಕಾಗಿ ಈ ಕಾರನ್ನು ಕೊಳ್ಳದಿರುವುದೇ ಲೇಸು.

ಕಾರ್ತಿಕದ ವೇಳೆಗೆ ಯಜಮಾನರು ಮತ್ತೆ ಬಂದರು. ಮೇಲಿನ ಚೌಕಟ್ಟು ಇರಲಿಲ್ಲ. ಕಾರನ್ನು ಮಾರುವ ಮಾತನ್ನು ಎತ್ತಲಿಲ್ಲ. ಜೇಬಿನಿಂದ ಸಣ್ಣ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. ಹದಿನಾಲ್ಕರಲ್ಲಿ ಆರಂಭವಾದ ಅಂಕಿಯು ಹದಿನಾರು, ಹದಿನೇಳೂವರೆ ಎಂದು ಏರಿ ಹದಿನೆಂಟರ ಆಚೀಚೆಗೆ ನಿಂತಿತ್ತು. ನಡುವೆ ಒಂದು ಸಲ ಮಾತ್ರ ಮತ್ತೆ ಹದಿನಾಲ್ಕಕ್ಕೆ ಇಳಿದಿತ್ತು. ಅದರ ಎದುರಿಗೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಈ ವಾರ ಅಳಿಯಂದಿರು ನಡೆಸಿದರು."