ನರದ ವೇಗವನ್ನು ಅಳೆಯುವ ಬಗೆ

ಪ್ರಶ್ನೆ: ಅಂಗೈ ಜೋಮು ಹಿಡಿಯುತ್ತದೆಂದು ತೋರಿಸಲು ಹೋದ ನಮ್ಮ ತಾಯಿಯವರಿಗೆ, ನರಕ್ಕೆ ಕರೆಂಟು ಕೊಟ್ಟು ಪರೀಕ್ಷಿಸಬೇಕೆಂದಿದ್ದಾರೆ. ಅಪಾಯವಿಲ್ಲವೆ?
— ಓದುಗರೊಬ್ಬರು, ಕೊಟ್ಟೂರು

ಉತ್ತರ: ಹೆದರಬೇಕಾದುದಿಲ್ಲ, ತಾಯಿಯವರಿಗೆ ಧೈರ್ಯ ಹೇಳಿರಿ. ನರವು ಸ್ವಭಾವತಃ ವಿದ್ಯುತ್ಸಂಕೇತವನ್ನು ಒಯ್ಯತಕ್ಕ ತಂತುಗಳ ಕಟ್ಟಾಗಿರುವುದರಿಂದ, ಮೊದಲು ಮಣಿಕಟ್ಟಿನಲ್ಲಿ, ಬಳಿಕ ಮೊಣಕೈಯ ಮಡಿಕೆಯಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಅಲ್ಪಕಾಲ ಕ್ಷೀಣವಾದ ವಿದ್ಯುತ್ತನ್ನು ತಾಗಿಸಿ, ಹೆಬ್ಬೆರಳ ಬುಡದ ಸ್ನಾಯು ಎಷ್ಟು ಹೊತ್ತಿಗೆ ಮಿಡಿಯಿತೆಂಬುದನ್ನು ಯಂತ್ರದಿಂದ ಗುರುತಿಸುತ್ತಾರೆ. ನಡುವಣ ದೂರವನ್ನು ಆ ಕಾಲವ್ಯತ್ಯಾಸದಿಂದ ಭಾಗಿಸಲು ವೇಗವು ದೊರೆಯುವುದು. ಆರೋಗ್ಯವಂತರ ಕೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರು, ಇಲ್ಲವೆ ಅದಕ್ಕೂ ಮಿಗಿಲು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸರು ಕಪ್ಪೆಯ ನರದಲ್ಲಿ ಇದನ್ನು ಅಳೆದು ತೋರಿಸಿದುದು ಮಾನವಬುದ್ಧಿಯ ಮಹತ್ಸಾಧನೆಗಳಲ್ಲೊಂದೆಂದೇ ನನ್ನ ಭಾವನೆ.

ಮಣಿಕಟ್ಟಿನ ಬಳಿ ಮಾತ್ರವೇ ಸಂಕೇತವು ತಡವಾದರೆ ಅಲ್ಲಿ ನರವು ಅದುಮಿಕೊಂಡಿದೆಯೆಂದೂ, ಕೈಕಾಲುಗಳೆಲ್ಲೆಡೆ ಕುಂಠಿತವಾದರೆ ಮಧುಮೇಹದಂತಹ ಸರ್ವಾಂಗವ್ಯಾಪಿಯಾದ ಕಾರಣವಿರಬಹುದೆಂದೂ ವೈದ್ಯರು ಊಹಿಸುವರು. ಸಂದೇಹವುಳಿದಲ್ಲಿ ಸ್ನಾಯುವಿಗೆ ಸಣ್ಣ ಸೂಜಿಯನ್ನು ಚುಚ್ಚುವುದುಂಟು. ಈ ಸೂಜಿಯಿಂದ ಕರೆಂಟು ಹರಿಯದು, ಅದು ಕೇವಲ ಆಲಿಸುತ್ತದೆ: ವಿಶ್ರಾಂತಿಯಲ್ಲಿರುವ ಸ್ವಸ್ಥ ಸ್ನಾಯು ಮೌನವಾಗಿದ್ದರೆ, ನರದ ಸಂಬಂಧ ಕಡಿದುಹೋದ ಸ್ನಾಯು ಯಂತ್ರದಲ್ಲಿ ಟಪಟಪನೆ ಸದ್ದು ಮಾಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ಅಷ್ಟು ದೂರದ ಪಯಣಕ್ಕೆ ಮುನ್ನ ಬಳ್ಳಾರಿ, ದಾವಣಗೆರೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸುವುದು ಮೇಲು. ಆ ದಿನ ಕೈಗೆ ಎಣ್ಣೆ ಹಚ್ಚದಿರಲಿ; ಕೈ ತಣ್ಣಗಿದ್ದರೆ ವೇಗವು ತಗ್ಗಿ ತೋರುವುದರಿಂದ ಬೆಚ್ಚಗಿರಿಸಿಕೊಳ್ಳಲಿ. ಹೃದಯಕ್ಕೆ ಪೇಸ್‌ಮೇಕರ್ ಇಟ್ಟಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಮೊದಲೇ ತಿಳಿಸಿರಿ.