ಪ್ರಬುದ್ಧ ಕರ್ಣಾಟಕದ ಶಾಸ್ತ್ರಿಗಳು

1941ರ ಕನ್ನಡ ಸಾಹಿತ್ಯ ಸಮ್ಮೇಳನವು ಹೈದರಾಬಾದಿನಲ್ಲಿ ಸೇರಿತು. ನಿಜಾಮರ ಆ ರಾಜ್ಯದಲ್ಲಿ ಬೀದರ, ಕಲಬುರಗಿ, ರಾಯಚೂರು ಕನ್ನಡದ ನೆಲವೇ ಆಗಿದ್ದರೂ ಸರ್ಕಾರದ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯ ಮಾತೊಂದು, ಕಚೇರಿಯ ಮಾತು ಮತ್ತೊಂದು ಎಂಬ ಸ್ಥಿತಿಯನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತವರು ಎ. ಆರ್. ಕೃಷ್ಣಶಾಸ್ತ್ರಿಗಳು.

ಪರಭಾಷೆಯ ನೆರಳಿನಲ್ಲಿ ಕನ್ನಡಕ್ಕೆ ಎಡೆ ಮಾಡಿಕೊಡುವ ಕೆಲಸ ಅವರಿಗೆ ಹೊಸತಾಗಿರಲಿಲ್ಲ. 1890ರಲ್ಲಿ ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಜನಿಸಿದ ಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾದಾಗ ಅಲ್ಲಿ ವಿಜ್ಞಾನವೇ ಪ್ರಧಾನ, ಇಂಗ್ಲಿಷೇ ಪ್ರತಿಷ್ಠೆ. ಕನ್ನಡನಾಡಿನ ನಡುವೆಯೇ ಕನ್ನಡಕ್ಕೆ ಆ ಗತಿ! ಅವರು ವಿದ್ಯಾರ್ಥಿಗಳನ್ನು ಕಲೆಹಾಕಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಆ ಸಂಘದ ಪತ್ರಿಕೆಯಾಗಿ 'ಪ್ರಬುದ್ಧ ಕರ್ಣಾಟಕ' ಹುಟ್ಟಿತು. ಶಾಸ್ತ್ರಿಗಳೇ ಅದರ ಸಂಪಾದಕರು.

ಪತ್ರಿಕೆಯ ಹೆಸರಿನಲ್ಲಿಯೇ ಸಂಪಾದಕರ ಆಶಯವಿದೆ. ಕನ್ನಡವು ಕೇವಲ ಅಭಿಮಾನದ ಘೋಷಣೆಯಾಗಿ ಉಳಿಯದೆ ವಿಚಾರದ ಭಾಷೆಯಾಗಬೇಕಿತ್ತು. ಕಾವ್ಯವಿಮರ್ಶೆಯಿರಲಿ, ಚರಿತ್ರೆಯಿರಲಿ, ಶಾಸ್ತ್ರವಿಷಯವಿರಲಿ, ಅದನ್ನು ಕನ್ನಡದಲ್ಲಿ ಬರೆಯಲು ಬರುವುದೆಂಬುದಕ್ಕೆ ವಾದಕ್ಕಿಂತ ಅಚ್ಚಾದ ಲೇಖನವೇ ಬಲವಾದ ಸಾಕ್ಷ್ಯ. ಮುಂದೆ ಪತ್ರಿಕೆಯ ಹೊಣೆಯನ್ನು ಮೈಸೂರು ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಸಾಹಿತ್ಯ ಪರಿಷತ್ತಿನ ಪತ್ರಿಕೆಗೂ ಶಾಸ್ತ್ರಿಗಳ ಸಂಪಾದಕತ್ವ ದೊರೆಯಿತು.

ವಿಮರ್ಶಕರಾಗಿ ಅವರದು ಮೂಲವನ್ನೇ ಓದಿ ಮಾತನಾಡುವ ಶಿಸ್ತು. ಭಾಸನನ್ನೂ ಸಂಸ್ಕೃತ ನಾಟಕಗಳನ್ನೂ ಕುರಿತು ಅಧಿಕಾರದಿಂದ ಬರೆದ ಪಂಡಿತರು ಬಂಗಾಳಿಯನ್ನೂ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ವಿಮರ್ಶಿಸಿದರು. ಆ ಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಬಂಗಾಳಿ ಕಾದಂಬರಿಕಾರನ ಮೇಲಿನ ಕನ್ನಡ ಪುಸ್ತಕಕ್ಕೆ ಆ ಗೌರವ! ಒಂದು ಭಾಷೆಯ ಮೇಲಿನ ಪ್ರೀತಿಗೆ ಇನ್ನೊಂದರ ದ್ವೇಷ ಬೇಕಿಲ್ಲವೆಂಬುದು, ಮಲಯಾಳ, ಮರಾಠಿ, ತಮಿಳು, ತೆಲುಗುಗಳ ನಡುವೆ ಬೆಳೆಯುವ ಮಕ್ಕಳ ತಂದೆತಾಯಿಗಳಿಗೆ ಸಹಜವಾಗಿಯೇ ತಿಳಿದಿರುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿದ ಈ ವಿಧಿ ಶಾಲೆಯ ಬಾಗಿಲನ್ನು ತೆರೆಸಬಲ್ಲದು. ಪಠ್ಯಪುಸ್ತಕ ಮುಗಿದ ಮೇಲೆ ಮಗುವಿನ ಕೈಗೆ ಏನು ಕೊಡಬೇಕೆಂಬುದು ಕಾನೂನಿನ ವ್ಯಾಪ್ತಿಗೆ ಹೊರಗಿನ ಪ್ರಶ್ನೆ. ಅದಕ್ಕೆ ಶಾಸ್ತ್ರಿಗಳಂಥವರ ಪುಸ್ತಕಗಳೇ ಬೇಕು.

ವ್ಯಾಸಭಾರತವನ್ನು ಸರಳ ಗದ್ಯಕ್ಕೆ ಇಳಿಸಿದ ಅವರ 'ವಚನಭಾರತ' ಪ್ರಕಟವಾದುದು 1950ರಲ್ಲಿ. ಅಷ್ಟು ದೊಡ್ಡ ಕಥೆ ಅಲ್ಲಿ ಒಂದೇ ಸಂಪುಟದಲ್ಲಿ ಅಡಗಿದೆ. ಪಾಂಡಿತ್ಯದ ಭಾರ ಮಾತ್ರ ಎಲ್ಲಿಯೂ ಓದುಗನ ಹೆಗಲಿಗೆ ಬೀಳುವುದಿಲ್ಲ. ಕಥಾಸರಿತ್ಸಾಗರದ ಕಥೆಗಳಿಗಾಗಿ 'ಕಥಾಮೃತ'ವಿದೆ. 1968ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಪ್ರೌಢಶಾಲೆಯ ಮೆಟ್ಟಿಲೇರುತ್ತಿರುವ ಮಗುವಿಗೆ ಇವೆರಡರಲ್ಲಿ ಮೊದಲು ಕೊಡಬೇಕಾದುದು 'ವಚನಭಾರತ'ವೇ. ಮೊದಮೊದಲು ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ದಿನಕ್ಕೆ ನಾಲ್ಕು ಪುಟ ಗಟ್ಟಿಯಾಗಿ ಓದಿದರೆ ಸಾಕು.