ಒಂದು ಪೌಂಡಿನ ಹಡಗು

ಹಳೆಯ ಕಾಲದ ವಸ್ತುಗಳನ್ನು ಕಾಣಬೇಕೆಂದರೆ ನಾವು ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇವೆ. ಅಲ್ಲಿ ಯುದ್ಧ ಕಂಡ ಕತ್ತಿ ಗೋಡೆಯ ಮೇಲೆ ತೂಗುತ್ತಿರುತ್ತದೆ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ ನಾಣ್ಯ ಗಾಜಿನ ಕೆಳಗೆ ಮಲಗಿರುತ್ತದೆ. ಅವು ಉಳಿದಿವೆ, ನಿಜ. ಆದರೆ ತಾವು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಉಳಿದಿವೆ. ತನ್ನ ಕೆಲಸವನ್ನು ಇಂದಿಗೂ ಮಾಡುತ್ತಿರುವ ಹಳೆಯ ವಸ್ತುವೊಂದನ್ನು ಕಾಣಬೇಕಾದರೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಬೇಕು. ಅಲ್ಲಿಯ ಕ್ಲೈಡ್ ನದಿಯ ದಂಡೆ ‘ವೇವರ್ಲಿ’ ಎಂಬ ಪ್ರಯಾಣಿಕರ ಹಡಗಿನ ನೆಲೆ. 1947ರಲ್ಲಿ ಮೊದಲ ಪ್ರಯಾಣ ಮಾಡಿದ ಈ ಹಡಗು ಈಗಲೂ ಬೇಸಿಗೆ ಬಂದೊಡನೆ ಜನರನ್ನು ಹತ್ತಿಸಿಕೊಂಡು ಹೊರಡುತ್ತದೆ. ಎರಡು ಪಕ್ಕಗಳಲ್ಲಿ ಚಕ್ರಗಳನ್ನು ತಿರುಗಿಸುತ್ತ ಪ್ರಯಾಣಿಕರನ್ನು ಕಡಲಿನ ಮೇಲೆ ಒಯ್ಯುವ ಉಗಿಹಡಗುಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

ಉಗಿಹಡಗಿಗೂ ಕ್ಲೈಡ್ ನದಿಗೂ ಹಳೆಯ ನಂಟು. 1812ರಲ್ಲಿ ಹೆನ್ರಿ ಬೆಲ್ ಎಂಬಾತನು ‘ಕಾಮೆಟ್’ ಎಂಬ ಪುಟ್ಟ ಉಗಿಹಡಗನ್ನು ಈ ನದಿಯಲ್ಲಿ ಓಡಿಸಿದನು. ಯುರೋಪಿನಲ್ಲಿ ಹಣ ಕೊಟ್ಟ ಪ್ರಯಾಣಿಕರನ್ನು ಕ್ರಮವಾಗಿ ಒಯ್ದ ಮೊದಲ ಉಗಿಹಡಗು ಅದು. ಬಳಿಕ ನದೀಮುಖದ ಊರೂರುಗಳಿಗೆ ಇಂಥ ಹಡಗುಗಳು ಓಡಾಡತೊಡಗಿದವು. ಗ್ಲಾಸ್ಗೋವಿನ ಕಾರ್ಖಾನೆಗಳಲ್ಲಿ ವರ್ಷವಿಡೀ ದುಡಿಯುತ್ತಿದ್ದ ಕುಟುಂಬಗಳು ರಜೆ ಬಂದೊಡನೆ ಮಕ್ಕಳು ಮರಿಗಳೊಂದಿಗೆ ಹಡಗು ಹತ್ತುತ್ತಿದ್ದವು. ಹೊಗೆ ತುಂಬಿದ ಊರಿನಿಂದ ಒಂದು ದಿನದ ಮಟ್ಟಿಗಾದರೂ ಬಿಡುಗಡೆ ಪಡೆದು ಕಡಲ ಗಾಳಿಯನ್ನು ಕುಡಿದು ಬರುವುದು ಅವರ ಪಾಲಿಗೆ ಹಬ್ಬವಾಗಿತ್ತು.

ಆ ಕಾಲದಲ್ಲಿ, 1899ರಲ್ಲಿ, ಕಟ್ಟಿದ ಹಡಗೊಂದಕ್ಕೆ ‘ವೇವರ್ಲಿ’ ಎಂಬ ಹೆಸರಿತ್ತು. ಅದು ಸರ್ ವಾಲ್ಟರ್ ಸ್ಕಾಟನ ಪ್ರಸಿದ್ಧ ಕಾದಂಬರಿಯ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಆ ಹಡಗು ಡಂಕರ್ಕ್ ತೀರದಿಂದ ಸೈನಿಕರನ್ನು ಪಾರುಮಾಡಲು ಹೋಗಿ, 1940ರ ಮೇ 29ರಂದು ಬಾಂಬಿನ ದಾಳಿಗೆ ಸಿಕ್ಕಿ ಮುಳುಗಿತು. ಯುದ್ಧ ಮುಗಿದ ಮೇಲೆ ಅದರ ಸ್ಥಾನಕ್ಕೆಂದು, ಅದರ ಹೆಸರಿನಲ್ಲೇ, ಗ್ಲಾಸ್ಗೋವಿನ ಎ. ಅಂಡ್ ಜೆ. ಇಂಗ್ಲಿಸ್ ಕಾರ್ಖಾನೆಯಲ್ಲಿ ಹೊಸ ಹಡಗನ್ನು ಕಟ್ಟಲಾಯಿತು. ಅದು 1946ರ ಅಕ್ಟೋಬರ್ 2ರಂದು ನೀರಿಗಿಳಿದು, 1947ರ ಜೂನ್ 16ರಂದು ಮೊದಲ ಪ್ರಯಾಣಕ್ಕೆ ಹೊರಟಿತು. ನಾವು ಈಗ ನೋಡಲಿರುವುದು ಈ ಹಡಗನ್ನೇ.

ಬನ್ನಿ, ಹಡಗನ್ನು ಹತ್ತೋಣ. ಇದರ ಉದ್ದ ಸುಮಾರು 240 ಅಡಿ. ನಡುವೆ ಎರಡು ಹೊಗೆಕೊಳವೆಗಳು ನೆಟ್ಟಗೆ ನಿಂತಿವೆ. ಅವುಗಳ ಮೈ ಕೆಂಪು, ತುದಿ ಕಪ್ಪು, ಎರಡರ ನಡುವೆ ಬಿಳಿಯ ಪಟ್ಟಿ. ಕಾಲಡಿಯಲ್ಲಿ ಮರದ ಹಲಗೆ ಹಾಸಿದ ಡೆಕ್ಕು. ಮುಂದಿನ ಕೊಳವೆಗಿಂತ ಮುಂದೆ, ಎತ್ತರದಲ್ಲಿ, ಕಪ್ತಾನನು ನಿಂತು ಹಡಗನ್ನು ನಡೆಸುವ ಜಾಗವಿದೆ. ಅಲ್ಲಿಂದ ಕೆಳಗಿನ ಯಂತ್ರ ಕಾಣುವುದಿಲ್ಲ. ಯಂತ್ರದ ಬಳಿಯಿರುವವನಿಗೆ ಹೊರಗಿನ ನೀರು ಕಾಣುವುದಿಲ್ಲ. ಇವರಿಬ್ಬರ ನಡುವೆ ಮಾತು ನಡೆಯುವುದು ಹಿತ್ತಾಳೆಯ ಉಪಕರಣವೊಂದರ ಮೂಲಕ. ಮೇಲಿನವನು ಅದರ ಹಿಡಿಯನ್ನು ‘ಮುಂದಕ್ಕೆ’, ‘ಹಿಂದಕ್ಕೆ’, ‘ನಿಲ್ಲು’ ಎಂಬ ಗುರುತುಗಳಲ್ಲಿ ಒಂದಕ್ಕೆ ತಿರುಗಿಸಿದರೆ ಕೆಳಗೆ ಗಂಟೆ ಬಾರಿಸಿ ಮುಳ್ಳು ಅದೇ ಗುರುತಿಗೆ ಬರುತ್ತದೆ. ಕೆಳಗಿನವನು ತನ್ನ ಹಿಡಿಯನ್ನೂ ಅಲ್ಲಿಗೇ ತಂದು ‘ತಿಳಿಯಿತು’ ಎಂದು ಉತ್ತರಿಸುತ್ತಾನೆ.

ಈಗ ಯಂತ್ರದ ಬಳಿಗೆ ಹೋಗೋಣ. ಬೇರೆ ಹಡಗುಗಳಲ್ಲಿ ಯಂತ್ರದ ಕೋಣೆ ಹೊಟ್ಟೆಯೊಳಗೆಲ್ಲೋ ಇದ್ದು ಪ್ರಯಾಣಿಕರಿಗೆ ಅಲ್ಲಿ ಪ್ರವೇಶವಿರುವುದಿಲ್ಲ. ವೇವರ್ಲಿಯಲ್ಲಿ ಯಂತ್ರದ ಎರಡು ಪಕ್ಕಗಳಲ್ಲೂ ಓಣಿಯಂತಹ ದಾರಿಯಿದೆ. ಕಟಕಟೆಯನ್ನು ಹಿಡಿದು ನಿಂತರೆ ಇಡೀ ಯಂತ್ರ ಕಣ್ಣಮುಂದೆಯೇ ದುಡಿಯುತ್ತಿರುತ್ತದೆ. ಬಿಸಿಯಾದ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತದೆ. ಸಾಮಾನ್ಯ ವೇಗದಲ್ಲಿ ಈ ಯಂತ್ರ ತಿರುಗುವುದು ನಿಮಿಷಕ್ಕೆ ಸುಮಾರು 45 ಸುತ್ತು; ನಮ್ಮ ನಾಡಿಯ ಬಡಿತಕ್ಕಿಂತಲೂ ನಿಧಾನ. ಆದರೂ ಇದರ ಬಲ 2,100 ಅಶ್ವಶಕ್ತಿ.

ಇದು ಕೆಲಸ ಮಾಡುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಅನ್ನ ಕುದಿಯುವಾಗ ಉಗಿಯು ಪಾತ್ರೆಯ ಮುಚ್ಚಳವನ್ನು ಎತ್ತಿಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಬಾಯ್ಲರಿನಲ್ಲಿ ಒತ್ತಡಕ್ಕೊಳಗಾದ ಉಗಿಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಬಲವಿರುತ್ತದೆ. ಆ ಉಗಿ ಮೊದಲು ಸುಮಾರು 2 ಅಡಿ ಅಗಲದ ಸಿಲಿಂಡರನ್ನು ಹೊಕ್ಕು ಅದರೊಳಗಿನ ಪಿಸ್ಟನನ್ನು ತಳ್ಳುತ್ತದೆ. ಅಷ್ಟಕ್ಕೇ ಅದರ ಶಕ್ತಿ ಮುಗಿಯುವುದಿಲ್ಲ. ಅದು ಹಿಗ್ಗಿ, ಒತ್ತಡ ಕಡಿಮೆಯಾಗಿ, ಇನ್ನೂ ದೊಡ್ಡದಾದ ಎರಡನೆಯ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿಂದ 5 ಅಡಿಗೂ ಹೆಚ್ಚು ಅಗಲವಾದ ಮೂರನೆಯದಕ್ಕೆ ಸಾಗುತ್ತದೆ. ಒತ್ತಡ ಇಳಿದಂತೆ ಪಿಸ್ಟನಿನ ಹರವು ಹೆಚ್ಚಿರುವುದರಿಂದ ದಣಿದ ಉಗಿಯಿಂದಲೂ ಕೆಲಸ ತೆಗೆಯುವುದು ಸಾಧ್ಯವಾಗುತ್ತದೆ. ಕೊನೆಗೆ ಉಗಿ ತಣಿದು ನೀರಾಗಿ ಮತ್ತೆ ಬಾಯ್ಲರಿಗೆ ಮರಳುತ್ತದೆ. ಕಡಲಿನ ಮೇಲೆ ಹೋಗುವ ಹಡಗಿಗೆ ಸಿಹಿನೀರು ಬೆಲೆಯುಳ್ಳದ್ದು. ಉಪ್ಪುನೀರನ್ನು ಕುದಿಸಿದರೆ ಬಾಯ್ಲರು ಕೆಡುತ್ತದೆ.

ಪಿಸ್ಟನುಗಳು ಮುಂದಕ್ಕೂ ಹಿಂದಕ್ಕೂ ಆಡುತ್ತವೆ, ಚಕ್ರಗಳಾದರೋ ಸುತ್ತಬೇಕು. ಹೊಲಿಗೆಯಂತ್ರದ ಕಾಲುಹಲಗೆ ಮೇಲೆ ಕೆಳಗೆ ಆಡಿ ಚಕ್ರವನ್ನು ತಿರುಗಿಸುವಂತೆಯೇ ಇಲ್ಲಿಯೂ ಉಕ್ಕಿನ ದಪ್ಪ ತೋಳುಗಳು ಹಡಗಿಗೆ ಅಡ್ಡಲಾಗಿರುವ ಅಚ್ಚನ್ನು ತಿರುಗಿಸುತ್ತವೆ. ಅಚ್ಚಿನ ಎರಡು ತುದಿಗಳಲ್ಲಿ ಎರಡು ಚಕ್ರಗಳಿವೆ. ಒಂದೊಂದರಲ್ಲಿಯೂ ಎಂಟು ಮರದ ಹಲಗೆಗಳು. ದೋಣಿಯ ಹುಟ್ಟು ಮಾಡುವ ಕೆಲಸವನ್ನು ಇವು ಮಾಡುತ್ತವೆ. ಹಲಗೆಗಳನ್ನು ಬಂಡಿಯ ಗಾಲಿಯ ಅರಗಳಂತೆ ಭದ್ರವಾಗಿ ಕೂಡಿಸಿದ್ದರೆ ಅವು ಇಳಿಯುವಾಗ ನೀರನ್ನು ಬಡಿದು, ಏಳುವಾಗ ನೀರನ್ನು ಮೇಲಕ್ಕೆತ್ತಿ ಶಕ್ತಿಯನ್ನು ಹಾಳುಮಾಡುತ್ತಿದ್ದವು. ಅದಕ್ಕಾಗಿ ಅವನ್ನು ಕೀಲಿನ ಮೇಲೆ ಕೂಡಿಸಿ, ನೀರಿನಲ್ಲಿರುವಷ್ಟು ಹೊತ್ತೂ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವಂತೆ ಸರಳುಗಳಿಂದ ಎಳೆದು ಹಿಡಿದಿದ್ದಾರೆ. ಪಕ್ಕದ ಕಿರುಗಿಂಡಿಯಲ್ಲಿ ಇಣುಕಿದರೆ ನೊರೆಯೆದ್ದ ನೀರಿನ ನಡುವೆ ಈ ಹಲಗೆಗಳ ಓಟವನ್ನು ಕಾಣಬಹುದು. ಎರಡು ಚಕ್ರಗಳೂ ಒಂದೇ ಅಚ್ಚಿಗೆ ಸೇರಿರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಹಡಗನ್ನು ಹೊರಳಿಸಲು ಬರುವುದಿಲ್ಲ. ಗಾಳಿ ಬೀಸುತ್ತಿರುವಾಗ ಇದನ್ನು ಧಕ್ಕೆಗೆ ತಂದು ನಿಲ್ಲಿಸುವುದು ನುರಿತ ಕಪ್ತಾನನಿಗೂ ಪರೀಕ್ಷೆಯೇ ಸರಿ.

ಇಷ್ಟೆಲ್ಲ ಚಾತುರ್ಯವಿದ್ದ ಹಡಗಿಗೂ ಕೆಟ್ಟ ಕಾಲ ಬಂದಿತು. ಜನರು ಸ್ವಂತ ಕಾರುಗಳನ್ನು ಕೊಂಡರು. ಕಾರುಗಳನ್ನೇ ಹೊತ್ತು ಸಾಗುವ ಹೊಸ ಹಡಗುಗಳು ಬಂದವು. ರಜೆ ಕಳೆಯಲು ವಿಮಾನ ಹತ್ತಿ ಹೊರದೇಶಗಳಿಗೆ ಹೋಗುವುದು ರೂಢಿಯಾಯಿತು. ಜೊತೆಯ ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು. 1973ರ ಪ್ರಯಾಣಗಳು ಮುಗಿದ ಮೇಲೆ ವೇವರ್ಲಿಯನ್ನೂ ನಿಲ್ಲಿಸಲಾಯಿತು. ಹಳೆಯ ಚಕ್ರದ ಹಡಗುಗಳ ಅಭಿಮಾನಿಗಳು 1959ರಲ್ಲಿ ಕಟ್ಟಿಕೊಂಡಿದ್ದ ಸಂಘವೊಂದಿತ್ತು. 1974ರ ಆಗಸ್ಟಿನಲ್ಲಿ ಅದರ ಒಡೆಯರು ಹಡಗನ್ನು ಆ ಸಂಘಕ್ಕೆ ಮಾರಿದರು. ಬೆಲೆ ಒಂದು ಪೌಂಡ್. ಆಗಿನ ನಮ್ಮ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿಗೂ ಕಡಿಮೆ!

ಬೆಲೆ ಒಂದೇ ಪೌಂಡಾದರೂ ಜವಾಬ್ದಾರಿ ಬೆಟ್ಟದಷ್ಟಿತ್ತು. ಹಡಗನ್ನು ಎಲ್ಲಿಯಾದರೂ ಕಟ್ಟಿಹಾಕಿ ನೋಡುವ ವಸ್ತುವನ್ನಾಗಿ ಮಾಡುವುದು ಸುಲಭವಾದ ದಾರಿ. ಆದರೆ ಸಂಘದವರು ಅದನ್ನು ಓಡಿಸಿಯೇ ಉಳಿಸಬೇಕೆಂದು ನಿಶ್ಚಯಿಸಿದರು. ಸಾರ್ವಜನಿಕರ ಮುಂದೆ ಕೈಯೊಡ್ಡಿದರು. ಜನರು ಹಣ ಕೊಟ್ಟರು. ಹಣವಿಲ್ಲದವರು ಬಣ್ಣ ಬಳಿದು, ತುಕ್ಕು ಕೆರೆದು ಶ್ರಮವನ್ನು ಕೊಟ್ಟರು. 1975ರ ಮೇ ತಿಂಗಳಲ್ಲಿ ವೇವರ್ಲಿಯ ಚಕ್ರಗಳು ಮತ್ತೆ ತಿರುಗಿದವು.

ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. 1977ರ ಜುಲೈ 15ರಂದು ಡನೂನ್ ಪಟ್ಟಣದ ಸಮೀಪ ಹಡಗು ಬಂಡೆಗೆ ಬಡಿಯಿತು. ಪ್ರಯಾಣಿಕರನ್ನು ಸುರಕ್ಷಿತವಾಗಿ ದಡ ಸೇರಿಸಿ, ಹಡಗನ್ನು ದುರಸ್ತಿಮಾಡಿ ಮತ್ತೆ ನೀರಿಗಿಳಿಸಿದರು. 2000ದಿಂದ 2003ರವರೆಗೆ ಎರಡು ಹಂತಗಳಲ್ಲಿ ಅದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿದರು. 2019ರಲ್ಲಿ ಬಾಯ್ಲರುಗಳು ಸೋತು ಹಡಗು ಇಡೀ ವರ್ಷ ಹೊರಡಲಿಲ್ಲ. ಆಗ ಬೇಕಾದ ಹಣ 23 ಲಕ್ಷ ಪೌಂಡ್. ಜನರ ದೇಣಿಗೆಯೂ ಸ್ಕಾಟ್ಲೆಂಡ್ ಸರ್ಕಾರದ ನೆರವೂ ಸೇರಿ ಆ ಮೊತ್ತ ಒದಗಿತು. 2020ರ ಆಗಸ್ಟಿನಲ್ಲಿ ವೇವರ್ಲಿ ಮತ್ತೆ ಪ್ರಯಾಣಕ್ಕೆ ಸಿದ್ಧವಾಯಿತು.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಮೊದಲು ಕಲ್ಲಿದ್ದಲನ್ನು ಉರಿಸುತ್ತಿದ್ದ ಹಡಗು 1957ರಿಂದ ಎಣ್ಣೆಯನ್ನು ಉರಿಸುತ್ತಿದೆ. ಬಾಯ್ಲರುಗಳು ಮೂರು ಸಲ ಬದಲಾಗಿವೆ. ಹಾಗಾದರೆ ಇದು 1947ರ ಹಡಗೇ ಎಂದು ಹೇಳುವುದು ಹೇಗೆ? ಅದನ್ನು ಹಾಗೆ ಕರೆಯಲು ಕಾರಣಗಳಿವೆ. ಗ್ರೀನಕ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಅದರ ಯಂತ್ರ ಅಂದಿನದೇ. ಅದಕ್ಕಿಂತ ಮುಖ್ಯವಾದುದು, ಆ ಯಂತ್ರವನ್ನು ನಡೆಸುವ ವಿದ್ಯೆ. ಉಗಿಯನ್ನು ಎಷ್ಟು ಬಿಡಬೇಕು, ಯಾವ ಕೀಲಿಗೆ ಯಾವಾಗ ಎಣ್ಣೆ ಹಾಕಬೇಕು, ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸವಾದರೆ ಎಲ್ಲಿ ಕೈಯಿಟ್ಟು ನೋಡಬೇಕು ಎಂಬುದನ್ನು ಪುಸ್ತಕವೊಂದೇ ಕಲಿಸಲಾರದು. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು. ಹಡಗನ್ನು ಕಟ್ಟಿಹಾಕಿದ್ದರೆ ಕಬ್ಬಿಣ ಉಳಿಯುತ್ತಿತ್ತು. ಆ ವಿದ್ಯೆ ಬಲ್ಲವರೊಂದಿಗೇ ಮಣ್ಣಾಗುತ್ತಿತ್ತು.

ವೇವರ್ಲಿಯ ಭವಿಷ್ಯ ಇಂದಿಗೂ ನಿಶ್ಚಿಂತವಾದುದಲ್ಲ. ಪ್ರತಿ ಚಳಿಗಾಲದಲ್ಲಿಯೂ ದುರಸ್ತಿಗೆ ಹಣ ಕೂಡಿಸಬೇಕು. ಉಪ್ಪುನೀರು ಉಕ್ಕನ್ನು ತಿನ್ನುವುದನ್ನು ನಿಲ್ಲಿಸುವುದಿಲ್ಲ. ಹಾಗಿದ್ದರೂ ಬೇಸಿಗೆ ಬಂದಾಗ ಮೇಲಿನಿಂದ ಕಪ್ತಾನನು ಹಿಡಿಯನ್ನು ತಿರುಗಿಸುತ್ತಾನೆ. ಕೆಳಗೆ ಗಂಟೆ ಬಾರಿಸುತ್ತದೆ. ಯಂತ್ರದ ಬಳಿಯಿರುವವನು ಉತ್ತರ ಕೊಟ್ಟು ಉಗಿಯನ್ನು ಬಿಡುತ್ತಾನೆ. ಕಟಕಟೆಗೆ ಆತುಕೊಂಡು ಅದನ್ನೇ ನೋಡುತ್ತ ನಿಂತ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಆ ಗಂಟೆಗೆ ಉತ್ತರ ಕೊಡಲು ಕಲಿತರೆ ಹಡಗು ಉಳಿಯುತ್ತದೆ.